ಕಾಕು ಹೇಳಿದ ಕಂತು

ಕತೆ ಶುರು ಮಾಡುವ ಮುನ್ನ ಕಾಕು ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈಯತ್ತ ಏರಿಸಿಕೊಳ್ಳುತ್ತಿದ್ದಳು. ತುಂಬುಗೈ, ಬಳೆಗಳು ಏರಿಸಿದಲ್ಲೇ ಬಿಗಿಯಾಗಿ ನಿಲ್ಲುತ್ತಿದ್ದವು. ಕತೆ ಮುಗಿದು ಕೆಳಗಿಳಿಸಿದಾಗ ಚರ್ಮದ ಮೇಲೆ ಸಾಲಾಗಿ ಕೆಂಪು ಗೆರೆ ಉಳಿದಿರುತ್ತಿದ್ದವು. ನಡುವೆ ಬಳೆ ಸದ್ದಾದರೆ ಕೇಳುವವರ ಲಕ್ಷ್ಯ ಹೋಗುತ್ತದೆ ಎಂದು ಅವಳ ವಾದ. ಅವಳು ಬಾಯಿ ತೆರೆದರೆ ಪಕ್ಕದಲ್ಲಿ ಕುಕ್ಕರ್ ಕೂಗಿದ್ದೂ ಯಾರಿಗೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ಪುಣೆ ಪಕ್ಕದ ಚಿಂಚವಾಡದಲ್ಲಿ, ವಠಾರದಂಥ ಒಂದು ಚಾಳಿನಲ್ಲಿ ನಮ್ಮ ಪಕ್ಕದ ಮನೆ ಅವಳದು. ವಿಜಾಪುರದ ಕಡೆಯವಳು, ಗಂಡ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ರಕ್ತಸಂಬಂಧ ಏನೂ ಇಲ್ಲ. ಮರಾಠಿಯವರನ್ನೂ ಸೇರಿಸಿ ಇಡೀ ಚಾಳಿಗೇ ಅವಳು ಕಾಕು, ಎಂದರೆ ಚಿಕ್ಕಮ್ಮ. ಅದು ತೊಂಬತ್ತರ ದಶಕ, ಮನೆಮನೆಗೆ ಕೇಬಲ್ ಬಂದಿತ್ತು. ಆದರೆ ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸರಿಗೆ ಸಂಜೆಯ ಸೀರಿಯಲ್ ತಪ್ಪಿಹೋಗುತ್ತಿತ್ತು. ಕಲಬುರ್ಗಿ ಕಡೆಯಿಂದ ಬಂದ ನಮ್ಮಂಥವರಿಗೆ ಅದರ ಹಿಂದಿ ಬೇರೆ ಅಷ್ಟಕ್ಕಷ್ಟೆ. ಎಲ್ಲರೂ ಕಾಕುವಿನ ಬಾಗಿಲಿಗೇ ಬರುತ್ತಿದ್ದರು.

"ಎಲ್ಲೀತನಕ ಕೇಳಿದ್ದಿ?" ಎಂದು ಮೊದಲು ವಿಚಾರಿಸುತ್ತಿದ್ದಳು. ಸರಿಯಾಗಿ ಅಲ್ಲಿಂದ ಎತ್ತಿಕೊಳ್ಳುತ್ತಿದ್ದಳು. ಒಲೆಯ ಮೇಲಿನ ಹಾಲು ನೆನಪಾಗಿ ಯಾರಾದರೂ ಎದ್ದುಹೋದರೆ, ಅವರು ಬರುವವರೆಗೆ ಸೀರಿಯಲ್ಲಿನ ಅತ್ತೆ ಸೊಸೆಯ ಜಡೆ ಹಿಡಿದುಕೊಂಡೇ ಕಾಯುತ್ತಿದ್ದಳು. ಸೇರದ ಪಾತ್ರ ಬಂದರೆ ಬೇಗ ಸಾಗಹಾಕುತ್ತಿದ್ದಳು, ಸೇರಿದ ಜಗಳವನ್ನು ಎರಡು ಸಲ ಹೇಳುತ್ತಿದ್ದಳು. ಮರಾಠಿಯವರಿಗೆ ಮರಾಠಿಯಲ್ಲಿ, ನಮಗೆ ಕನ್ನಡದಲ್ಲಿ. ಜಾಹೀರಾತು ಎಂದರೆ ಅವಳು ಮೂಗಿಗೆ ತಪಕೀರು, ಅದೇ ನಶ್ಯ, ಏರಿಸುವಷ್ಟು ಹೊತ್ತು ಮಾತ್ರ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಪ್ಪನಿಗೆ ಅಪಘಾತವಾಯಿತು. ಅಪ್ಪ ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿದ್ದ. ವಾರವಿಡೀ ಅಲ್ಲಿದ್ದು ರಜೆಗೆ ಮನೆಗೆ ಬರುತ್ತಿದ್ದ. ಪೈಪು ಒಡೆದು ಬಿಸಿ ಆವಿ ಅವನ ಎದೆ, ಕೊರಳು ಸುಟ್ಟು ಉಸಿರಿನ ಜೊತೆ ಒಳಗೂ ಹೋಗಿತ್ತು. ಪುಣೆಯ ದೊಡ್ಡ ದವಾಖಾನೆಗೆ ತಂದು ಹಾಕಿದರು. ಅವ್ವ ಮುಂಜಾನೆ ಲೋಕಲ್ ರೈಲು ಹಿಡಿದು ಶಿವಾಜಿನಗರದಲ್ಲಿಳಿದು ಹೋದರೆ ಮರಳುವುದು ರಾತ್ರಿ ಊಟದ ಹೊತ್ತಿಗೆ. ಅಪ್ಪನಿಗೆ ಎಚ್ಚರವಿರಲಿಲ್ಲ. ಡಾಕ್ಟರರು ಬದುಕುತ್ತಾನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಆಗಲೇ ಸೀರಿಯಲ್ಲಿನ ಮನೆಯ ಹಿರಿಮಗನಿಗೂ ಕಾರು ಬಡಿದು, ಅವನೂ ಕಣ್ಣುಮುಚ್ಚಿ ಮಲಗಿದ್ದ. ನಮ್ಮ ಮನೆಯ ಸುದ್ದಿಯನ್ನು ಅದನ್ನು ಬರೆಯುವವರಿಗೆ ಯಾರು ಮುಟ್ಟಿಸಿದರೋ. ಅವ್ವ ಬಂದವಳೇ ಚಪ್ಪಲಿ ಬಿಡದೆ ಕಾಕುವಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಆತ ಕಣ್ಣ ತಗದನೇನ್ರಿ ಕಾಕು?" ಡಾಕ್ಟರರನ್ನು ಕೇಳಲು ಹೆದರಿದ್ದನ್ನು ಅವ್ವ ಕಾಕುವನ್ನು ಕೇಳುತ್ತಿದ್ದಾಳೆ ಎಂದು ನನಗೂ ತಿಳಿಯುತ್ತಿತ್ತು.

"ಇನ್ನೂ ಇಲ್ಲವಾ. ಆದ್ರ ಬಳ್ಳ ಅಲ್ಲಾಡಿಸ್ಯಾನ" ಎನ್ನುತ್ತಿದ್ದಳು ಕಾಕು. ಆ ಬೆರಳಿನ ಬಲದ ಮೇಲೆ ಅವ್ವ ಎರಡು ತುತ್ತು ಉಣ್ಣುತ್ತಿದ್ದಳು.

ಒಂದು ಸಂಜೆ ಸೀರಿಯಲ್ ಅವನನ್ನು ಸಾಯಿಸಿಬಿಟ್ಟಿತು. ನಾನು ಕಾಕುವಿನ ಮನೆಯಲ್ಲೇ ಕೂತು ನೋಡುತ್ತಿದ್ದೆ. ಹೆಂಡತಿ ಹಣೆಯ ಕುಂಕುಮ ಒರೆಸಿಕೊಳ್ಳುವ ಹೊತ್ತಿಗೆ ಕಾಕು ಎದ್ದು ಟಿವಿ ಬಂದ್ ಮಾಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಚಾಳಿನ ಒಂದೊಂದೇ ಬಾಗಿಲಿಗೆ ಹೋಗಿ "ತಿಲಾ ಸಾಂಗೂ ನಕಾ", ಅವಳಿಗೆ ಹೇಳಬೇಡಿ ಎಂದು ತಾಕೀತು ಮಾಡಿ ಬಂದಳು. ನೀರಿನ ಪಾಳಿಗಾಗಿ ದಿನಾ ಕಚ್ಚಾಡುವ ಹೆಂಗಸರು ಇದೊಂದರಲ್ಲಿ ಒಂದಾದರು. ಕೊನೆಗೆ ನನ್ನತ್ತ ತಿರುಗಿ, "ನೀ ಏನೂ ನೋಡಿಲ್ಲ, ತಿಳೀತಿಲ್ಲೊ?" ಎಂದಳು.

ಅವ್ವ ಬಂದಳು. ಕಣ್ಣು ಊದಿದ್ದವು, ದಿನಾ ಊದಿರುತ್ತಿದ್ದವು. "ಏನಾತ್ರಿ ಇವತ್ತ?" ಎಂದು ಹೊಸ್ತಿಲ ಮೇಲೆ ಕುಸಿದು ಕೂತಳು.

ಕಾಕು ಬಳೆ ಏರಿಸಿದಳು. "ಕಣ್ಣ ತಗದಾನವಾ. ಮದಲ ಹೇಂತಿನ್ನ ಕೇಳ್ಯಾನ."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಭಾಳ ಹೊತ್ತು ಅತ್ತಳು. ಕಾಕು ಅವಳ ಬೆನ್ನು ನೇವರಿಸುತ್ತ ಕೂತಳು.

ಮರುದಿನದಿಂದ ಕಾಕುವಿನದೇ ಬೇರೆ ಸೀರಿಯಲ್. ಟಿವಿಯೊಳಗೆ ಅವನ ದಿನಕರ್ಮ ಮುಗಿದು ಆಸ್ತಿಯ ಜಗಳ ನಡೆದಿತ್ತು. ಇಲ್ಲಿ ಅವನು ಗಂಜಿ ಕುಡಿಯುತ್ತಿದ್ದ, ನರ್ಸಿನ ಕೂಡ ತಂಟೆ ತೆಗೆಯುತ್ತಿದ್ದ. ಅವ್ವ ಹಿಂದಿನ ರಾತ್ರಿ ತಂದ ಅಪ್ಪನ ವರ್ತಮಾನವನ್ನು ಕಾಕು ಸಂಜೆ ನನ್ನಿಂದ ತಿಳಿದುಕೊಂಡು, ತನ್ನವನನ್ನು ಒಂದು ಹೆಜ್ಜೆ ಮುಂದೆ ಇಡುತ್ತಿದ್ದಳು. ಅಪ್ಪ ಕಣ್ಣು ತೆರೆದಾಗ ಇವನು ಎದ್ದು ಕೂತಿದ್ದ. ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದಾಗ ಇವನು ಗೋಡೆ ಹಿಡಿದು ನಡೆಯುತ್ತಿದ್ದ.

"ಇದು ಸುಳ್ಳಲ್ಲೇನ್ರಿ ಕಾಕು?" ಎಂದು ಒಮ್ಮೆ ಕೇಳಿದೆ.

"ಅವರು ತೋರಸೂದರ ಖರೇ ಅದ ಏನು? ಅವರೂ ಕುಂತ ಬರದದ್ದ. ಅವರು ಹಂಗ ಬರದ್ರು, ನಾ ಹಿಂಗ ಹೇಳ್ತೀನಿ" ಎಂದು ಕಾಕು ಸೊಪ್ಪು ಸೋಸತೊಡಗಿದಳು. ಅಪ್ಪ ಮನೆಗೆ ಬಂದ ದಿನ ಆ ಕತೆಯನ್ನೂ ಮುಗಿಸಿದಳು.

ವರ್ಷಗಳು ಕಳೆದವು. ನಾನು ಶಿವಾಜಿನಗರದ ಒಂದು ಆಫೀಸು ಸೇರಿದೆ. ಎರಡು ಸಾವಿರದ ಆ ದಶಕ ಮುಗಿಯುತ್ತ ಬಂದಾಗ ಮನೆಗೆ ಕಂಪ್ಯೂಟರ್, ಬ್ರಾಡ್‌ಬ್ಯಾಂಡ್ ಬಂತು. ಹಳೆಯ ಸೀರಿಯಲ್‌ಗಳನ್ನು ಬೇಕೆಂದಾಗ ನೋಡಬಹುದಾದ ಇಂಟರ್ನೆಟ್ ಟಿವಿ ಆಗಷ್ಟೇ ತಲೆ ಎತ್ತಿತ್ತು. ಕದ್ದ ಪ್ರತಿಗಳೂ ಧಾರಾಳ ಸಿಗುತ್ತಿದ್ದವು, ಆದರೆ ಕಂಬದಿಂದ ಕಳ್ಳ ಕೇಬಲ್ ಎಳೆದುಕೊಂಡವರ ಮನೆಯಲ್ಲಿ ಚಹಾ ಕುಡಿಯದ ಮನುಷ್ಯ ನಮ್ಮಪ್ಪ. ಹಾಗಾಗಿ ನ್ಯಾಯವಾದ ಸೇವೆಗಳನ್ನೇ ಒಂದರ ಪಕ್ಕ ಒಂದಿಟ್ಟು ತೂಗಿ ನೋಡತೊಡಗಿದೆ. ಒಂದು ಪುಕ್ಕಟೆ, ಆದರೆ ಜಾಹೀರಾತಿನ ಕಾಟ. ಇನ್ನೊಂದರಲ್ಲಿ ಚಿತ್ರ ಚೊಕ್ಕಟ, ತಿಂಗಳ ಚಂದಾ ಕಟ್ಟಬೇಕು. ಮತ್ತೊಂದು ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು. ಯಾವುದೂ "ಎಲ್ಲೀತನಕ ಕೇಳಿದ್ದಿ" ಎಂದು ವಿಚಾರಿಸುತ್ತಿರಲಿಲ್ಲ.

ಅವ್ವ ಬಗ್ಗಿ ನೋಡಿ, "ನಮ್ಮ ಆ ಸೀರಿಯಲ್ ಅದ ಏನು ನೋಡು" ಎಂದಳು. ಅಲ್ಲೇ ಕೂತಿದ್ದ ಕಾಕುವಿನ ಮುಖ ಸಣ್ಣದಾಯಿತು. ಹೊರಡುವಾಗ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, "ಅದನ್ನ ಹಚ್ಚಬ್ಯಾಡ. ಈ ವಯಸ್ಸಿನಾಗ ನಿಮ್ಮವ್ವಗ ನಾ ಹ್ಯಾಂಗ ಮಾರಿ ತೋರಸಲಿ?" ಎಂದಳು. ಅವ್ವನ ಸ್ನೇಹ ಕಳೆದುಕೊಳ್ಳುವ ಭಯ ಅದು. ಅಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ್ದಳು.

ಅಲ್ಲಿಂದ ಅವ್ವ ಕೇಳಿದಾಗಲೆಲ್ಲ ನಾನು ಒಂದೊಂದು ಸೇವೆಗೆ ಒಂದೊಂದು ಕುಂದು ಹೊರಿಸಿದೆ. ಇಂಟರ್ನೆಟ್ಟನ್ನು ಮುಟ್ಟಿಯೂ ನೋಡದ ಕಾಕು ನನಗಿಂತ ದೊಡ್ಡ ಪರಿಣತಳಾದಳು. "ಅದರಾಗ ಚಿತ್ರ ಕುಣೀತಾವಂತವಾ, ಕಣ್ಣಿಗೆ ಭಾಳ ತ್ರಾಸ" ಎಂದು ಅವ್ವನಿಗೆ ತಿಳಿಹೇಳುತ್ತಿದ್ದಳು.

ಒಂದು ಚಳಿಗಾಲ ಜ್ವರವೆಂದು ಮಲಗಿದ ಕಾಕು ಏಳಲಿಲ್ಲ. ಇಡೀ ಚಾಳು ಅತ್ತಿತು. ನಾನು ಇನ್ನೊಬ್ಬ ತಾಯಿಯನ್ನು ಕಳೆದುಕೊಂಡ ಹಾಗೆ ಅತ್ತೆ.

ದಿನಕರ್ಮವೆಲ್ಲ ಮುಗಿದ ಮೇಲೆ ಅವ್ವ ಒಂದು ಮಧ್ಯಾಹ್ನ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. "ಈಗ ಹಚ್ಚು. ಆತ ಸಾಯ್ತಾನಲ್ಲ, ಆ ಕಂತು."

"ಆತ ಸತ್ತದ್ದು ನಿನಗ ಹ್ಯಾಂಗ ಗೊತ್ತು?" ಎಂದೆ.

"ದವಾಖಾನ್ಯಾಗ ಬಂದವರು ಕೂಡೋ ಖೋಲ್ಯಾಗ ಟಿವಿ ಇತ್ತು" ಎಂದಳು ಅವ್ವ. "ಅವತ್ತ ನಿಮ್ಮಪ್ಪಗ ಪಟ್ಟಿ ಬದಲಸ್ತೀವಿ ಅಂತ ನನ್ನ ಹೊರಗ ಕಳಿಸಿದ್ರು. ಅಲ್ಲೇ ನೋಡಿದೆ. ಲೋಕಲ್‌ನ್ಯಾಗ ಅಳಕೋತ ಬಂದೆ. ನಾಳಿ ಹೋಗೂದ ಬ್ಯಾಡ, ಅಲ್ಲಿ ಏನ ನೋಡಬೇಕಾಗ್ತದೊ ಅನಿಸಿತ್ತು. ಕಾಕು ಕಣ್ಣ ತಗದಾನ ಅಂದ್ಲು."

"ಗೊತ್ತದ ಅಂತ ಅವರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ಮರುದಿನ ಕತಿ ಯಾರು ಹೇಳ್ತಿದ್ರು?" ಎಂದಳು. ಆಮೇಲೆ, "ಆಮ್ಯಾಲೂ, ಆ ಸೀರಿಯಲ್ ಹಚ್ಚು ಅಂದಾಗೆಲ್ಲ, ಅದರ ನೆವದಾಗ ಹೇಳಿಬಿಡೂಣು ಅಂತ ಬಾಯಿತನಕ ಬರ್ತಿತ್ತು. ಆಕಿ ಮನಸಿಗೆ ನೋವಾಗ್ತದಂತ ನುಂಗಿದೆ" ಎಂದಳು.

ಚಂದಾ ಕಟ್ಟಿ, ಇದ್ದುದರಲ್ಲಿ ಚೊಕ್ಕಟವಾದ ಸೇವೆಯಲ್ಲಿ ಆ ಕಂತು ಹಚ್ಚಿದೆ. ಹೊರಗಿನ ಕೋಣೆಯಲ್ಲಿ ಅಪ್ಪ ಕೆಮ್ಮುತ್ತ ಪೇಪರ್ ಓದುತ್ತಿದ್ದ. ಅವ್ವ ಕಣ್ಣು ಕೀಳದೆ ಕೊನೆಯವರೆಗೆ ನೋಡಿದಳು. "ಕಾಕು ಹೇಳಿದ್ದ ಚಲೋ ಇತ್ತು" ಎಂದು ಅಪ್ಪನಿಗೆ ಚಹಾ ಇಡಲು ಎದ್ದಳು.

ಅಪ್ಪ ಉಳಿದದ್ದರಲ್ಲಿ ಡಾಕ್ಟರರ ಪಾಲು ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟೂ ದಿನ ಮುಂಜಾನೆ ಅವ್ವನನ್ನು ಲೋಕಲ್ ಹತ್ತಿಸಿದವಳು ಕಾಕು.