ಮಿಡಿಗೇಶಿಯಿಂದ ಒಂದು ಪ್ರಳಯ ವಿಮರ್ಶೆ

ಸಿನಿಮಾ ಪಂಡಿತರೇ, ಬಿಸಿಲಿಗೆ ದಂಡಿತರೇ, ಗಮನವಿಟ್ಟು ಓದಿ. ಭೂಮಿ ಕಾದು ಪ್ರಳಯವಾಗುವ ಹಾಸ್ಯಚಿತ್ರವೊಂದನ್ನು ಇವತ್ತು ಬೆಳಿಗ್ಗೆ ಮೊಬೈಲಿನಲ್ಲಿ ನೋಡಿದೆ. ವಿಜ್ಞಾನಿ ಎಚ್ಚರಿಸಿದಷ್ಟೂ ಜನ ನಗುತ್ತಾರೆ. ಇಷ್ಟು ದಡ್ಡರು ಎಲ್ಲೂ ಇರಲಾರರು, ಅತಿಯಾಯಿತು ಎಂದು ಚಿತ್ರ ನೋಡುತ್ತಲೇ ವಿಮರ್ಶೆ ಶುರುಮಾಡಿದೆ.

ಮುದ್ದೆ ತೊಳಸುತ್ತಿದ್ದ ಹೆಂಡತಿ ಒಳಗಿಂದಲೇ ಕೂಗಿದಳು: “ರೀ, ನೀರುಗಂಟಿ ರಂಗಣ್ಣ ನಲ್ಲಿ ನೀರು ಬುಟ್ಟವ್ನೆ, ಡ್ರಮ್ಮಿಗೆ ಪೈಪ್ ಹಾಕ್ರಿ!”

“ಇರೇ, ಪ್ರಳಯ ಮುಗೀಲಿ.”

“ಬೋರು ಬತ್ತೋಗ್ತಾ ಐತಂತೆ, ಇವತ್ತು ಅರ್ಧ ಗಂಟೆ ಅಷ್ಟೇಯಂತೆ!”

“ಅವನು ಯಾವಾಗ್ಲೂ ಅಂಗೇ ಹೆದರುಸ್ತಾನೆ ಬುಡು” ಎಂದು ನಕ್ಕೆ.

ಚಿತ್ರ ಮುಗಿಸಿ ಎದ್ದಾಗ ನಲ್ಲಿಯಲ್ಲಿ ಬರೀ ಗಾಳಿ. ನಮ್ಮ ಬೀದಿಗೆ ಮತ್ತೆ ನೀರು ಎಂಟು ದಿನಕ್ಕೆ.

ವಿಮರ್ಶೆ ಅಳಿಸಿದ್ದೇನೆ. ಇದನ್ನು ಬರೆಯುತ್ತಿರುವುದು ಪಕ್ಕದ ಮನೆಯ ಬಾಗಿಲಲ್ಲಿ, ಖಾಲಿ ಬಿಂದಿಗೆ ಕಂಕುಳಲ್ಲಿಟ್ಟುಕೊಂಡು.