ಕ್ಷೌರಿಕ ಉಪ್ಪಣ್ಣನ ಬಲಗೈ

ಉಪ್ಪಣ್ಣನನ್ನು ನಾನು ಮೊದಲು ಕಂಡ ದಿನ ನನ್ನ ಎಡಗೆನ್ನೆ ನುಣುಪಾಗಿತ್ತು, ಬಲಗೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ಆ ಊರಿಗೆ ವರ್ಗವಾಗಿ ಬಂದ ಎರಡನೆಯ ದಿನ. ಶಾಲೆಯ ಗಂಟೆ ಹೊಡೆಯಲು ಇಪ್ಪತ್ತೇ ನಿಮಿಷ. ಬಸ್ ನಿಲ್ದಾಣದ ಹಿಂದಿನ ಕ್ಷೌರದಂಗಡಿಯ ಯಜಮಾನ ಇದ್ದಕ್ಕಿದ್ದಂತೆ ಕತ್ತಿಯನ್ನು ನನ್ನ ಮುಖದಿಂದ ದೂರ ಸರಿಸಿದ. ಅವನ ಬಲಗೈ ಬೆರಳುಗಳು ಮೊಗ್ಗಿನಂತೆ ಮುಚ್ಚಿಕೊಂಡಿದ್ದವು. ಎಡಗೈಯಿಂದ ಕತ್ತಿಯನ್ನು ಬಿಡಿಸಿಟ್ಟು, ಡಬ್ಬಿಯಿಂದ ಉಪ್ಪಿನ ಹರಳೊಂದನ್ನು ಬಾಯಿಗೆ ಹಾಕಿಕೊಂಡು, "ಒಂದೈದು ನಿಮಿಷ ಮೇಷ್ಟ್ರೇ, ಕೈ ಮುನಿಸ್ಕೊಂಡಿದೆ" ಎಂದ. ಅರ್ಧ ಗಡ್ಡದೊಂದಿಗೇ ಕಾದೆ.

ಚಿಕ್ಕಂದಿನಿಂದಲೂ ಅವನಿಗೆ ಉಪ್ಪೆಂದರೆ ಪ್ರಾಣವಂತೆ. ಊರವರು ಹೆಸರನ್ನೂ ಹಾಗೆಯೇ ಇಟ್ಟಿದ್ದರು. ಅವನ ಅಂಗಡಿಯ ಬೆಂಚು ಶುಲ್ಕವಿಲ್ಲದ ವೈದ್ಯಕೀಯ ಕಾಲೇಜು. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರರು ಪ್ರಾಂಶುಪಾಲರು. ತಿಂಗಳೊಳಗೆ, ವಿಜ್ಞಾನದ ಮೇಷ್ಟ್ರೆಂಬ ಕಾರಣಕ್ಕೆ, ನನಗೂ ಅಲ್ಲೊಂದು ಹುದ್ದೆ ದೊರೆಯಿತು. ಉಪ್ಪು ತಿಂದರೆ ರಕ್ತದೊತ್ತಡ, ಒತ್ತಡದಿಂದ ನರಗಳ ಸೆಳೆತ, ಮುಂದೆ ಪಾರ್ಶ್ವವಾಯು ಎಂದು ನಾವು ತೀರ್ಮಾನಿಸಿದೆವು. ಸಿದ್ಧಾಂತದಲ್ಲಿ ಒಂದೇ ಕೊರತೆ: ಅವನ ಒತ್ತಡವನ್ನು ಯಾರೂ ಅಳೆದಿರಲಿಲ್ಲ.

ಕೈ ಮಾತ್ರ ದಿನದಿನಕ್ಕೆ ಕೆಡುತ್ತಿತ್ತು. ಕೂದಲಿಗೆ ಬರುವವರು ಬರುತ್ತಿದ್ದರು; ಗಡ್ಡದವರು ಒಬ್ಬೊಬ್ಬರಾಗಿ ಎದುರಿನ ಹೊಸ ಅಂಗಡಿಗೆ ಜಾರಿದರು. ಹಿಡಿತ ತಪ್ಪುವ ಕೈಗೆ ಕುತ್ತಿಗೆ ಕೊಡುವವರು ಯಾರು? ಉಪ್ಪಣ್ಣನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ನಮ್ಮ ಒಕ್ಕೊರಲಿನ ಸಲಹೆಯಂತೆ ಅವನು ಉಪ್ಪು ಬಿಟ್ಟ. ಪಥ್ಯದ ಪಟ್ಟಿಯನ್ನು ದುಂಡಗೆ ಬರೆದುಕೊಟ್ಟವನು ನಾನೇ. ಅವನ ಹೆಂಡತಿ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಹನ್ನೊಂದನೆಯ ದಿನ ಕೈಕಾಲು ನಾಲ್ಕೂ ಸೆಟೆದು, ಕುರ್ಚಿಗೂ ಗೋಡೆಗೂ ನಡುವೆ ಬಿದ್ದುಬಿಟ್ಟ.

ಮ್ಯಾನೇಜರರು ಬಗ್ಗಿ ನೋಡಿ ಹೇಳಿದರು: "ನೋಡಿದ್ರಾ? ಕದ್ದು ತಿಂದಿದಾನೆ."

ಆಸ್ಪತ್ರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಮೊದಲು ಒತ್ತಡ ಅಳೆದಳು. ತೀರಾ ಕಡಿಮೆ. ರಕ್ತದಲ್ಲಿ ಇರಬೇಕಾದ ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಮೂತ್ರದಲ್ಲಿ ಹರಿದುಹೋಗುತ್ತಿದ್ದವು.

"ಉಪ್ಪು ಬಿಡಿ ಅಂದ ಡಾಕ್ಟ್ರು ಯಾರು?" ಎಂದು ಕೇಳಿದಳು.

ಉಪ್ಪಣ್ಣನ ಹೆಂಡತಿ ನಮ್ಮ ಕಡೆ ಕೈ ತೋರಿಸಿದಳು. "ಇವ್ರೇ ಅಮ್ಮ. ಇಬ್ರೂ ಓದಿದೋರು."

ಮೂತ್ರಪಿಂಡವು ರಕ್ತದಲ್ಲಿರುವ ನೀರನ್ನೂ ಲವಣಗಳನ್ನೂ ಮೊದಲು ಸಣ್ಣ ಕೊಳವೆಗಳಿಗೆ ಸೋಸಿಬಿಡುತ್ತದೆ; ಆಮೇಲೆ ಕೊಳವೆಯ ಗೋಡೆಯ ಜೀವಕೋಶಗಳು ಬೇಕಾದ ಲವಣಗಳನ್ನು ಪುಟ್ಟ ಬಾಗಿಲುಗಳ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತವೆ. ಉಪ್ಪಣ್ಣನಿಗೆ ಉಪ್ಪಿನ ಒಂದು ಬಗೆಯ ಬಾಗಿಲು ಹುಟ್ಟಿನಿಂದಲೇ ಕೆಟ್ಟಿತ್ತು. ಉಪ್ಪು ಸೋರುತ್ತಿತ್ತು, ಅದನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಪೊಟ್ಯಾಸಿಯಂ ಹೋಗುತ್ತಿತ್ತು, ಜೊತೆಗೆ ಮೆಗ್ನೀಸಿಯಂ ಎಂಬ ಲೋಹವೂ ಹೋಗುತ್ತಿತ್ತು. ಅದು ಕಡಿಮೆಯಾದರೆ ಬಿಗಿದ ಸ್ನಾಯು ಸಡಿಲವಾಗದು. ಅಂದರೆ ಅವನ ನಾಲಿಗೆ ನಲವತ್ತು ವರ್ಷ ಸರಿಯಾದ ಔಷಧವನ್ನೇ ಕೇಳುತ್ತಿತ್ತು. ಆ ಕೊಳವೆಗಳನ್ನು ಇಪ್ಪತ್ತೆರಡು ವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಬಾಣದ ಗುರುತು ತಪ್ಪಿದ ಮಕ್ಕಳ ಅಂಕ ಕಡಿದವನು ನಾನು.

ಬಾಗಿಲು ರಿಪೇರಿಯಾಗುವಂಥದ್ದಲ್ಲ. ದಿನಕ್ಕೆ ಮೂರು ಹೊತ್ತು ಮಾತ್ರೆ, ಬೇಕಾದಷ್ಟು ಉಪ್ಪು. ಎರಡು ತಿಂಗಳಲ್ಲಿ ಬೆರಳುಗಳು ಹೇಳಿದ ಮಾತು ಕೇಳತೊಡಗಿದವು. ಊರು ಮಾತ್ರ ಕೇಳಲಿಲ್ಲ. ಪಾರ್ಶ್ವವಾಯುವಿನ ಗಾಳಿಸುದ್ದಿಯನ್ನು ಒಂದೇ ದಿನದಲ್ಲಿ ನಂಬಿದವರು, ಅವನು ಕನ್ನಡಿಗೆ ಅಂಟಿಸಿದ ರಕ್ತಪರೀಕ್ಷೆಯ ವರದಿಯನ್ನು ಓದುವಷ್ಟು ಭೋಳೆಗಳಾಗಿರಲಿಲ್ಲ. ಗಡ್ಡದ ಕುರ್ಚಿ ಖಾಲಿಯೇ ಉಳಿಯಿತು. ಕೊನೆಗೊಂದು ಸೋಮವಾರ ನಾನೇ ಹೋಗಿ ಕುಳಿತೆ. ಅಷ್ಟು ತಪ್ಪುದಂಡ ನನ್ನ ಮೇಲಿತ್ತು.

ಕತ್ತಿ ಗಂಟಲಿಗೆ ಬಂದಾಗ ಕೇಳಿದ: "ಭಯ ಆಗ್ತಿದ್ಯಾ ಮೇಷ್ಟ್ರೇ?"

"ಇಲ್ಲಪ್ಪ."

"ನಂಗಾಗ್ತಿದೆ. ಅಲ್ಲಾಡ್ಬೇಡಿ."

ನಾನು ಬದುಕಿ ಹೊರಬಂದದ್ದನ್ನು ಊರೇ ಕಂಡಿತು. ಗಿರಾಕಿಗಳು ಒಬ್ಬೊಬ್ಬರಾಗಿ, ಎಲ್ಲಿಗೂ ಹೋಗಿರದವರಂತೆ, ಮರಳಿದರು.

ಈಗ ಉಪ್ಪಣ್ಣನಿಗೆ ಐವತ್ತೈದು. ಮಧ್ಯಾಹ್ನದವರೆಗೆ ಗಡ್ಡ; ಆಮೇಲೆ ಕೈ ದಣಿಯುವುದರಿಂದ ಬರೀ ಕೂದಲು. ಬಿಸಿಲಿನ ದಿನ ಬೆವರು ಹೆಚ್ಚಾದರೆ ಕತ್ತಿಯನ್ನು ಮುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟುಬರುತ್ತಾನೆ. ಮ್ಯಾನೇಜರರು ಈಗಲೂ ಅವನ ಕುರ್ಚಿಯಲ್ಲಿ ಒರಗಿ, ಬೆಂಚಿನ ಮೇಲಿರುವವರಿಗೆ ಸಕ್ಕರೆ ಬಿಡಲು ಹೇಳುತ್ತಾರೆ. ಉಪ್ಪಣ್ಣ ಅವರ ಗಂಟಲಿನ ಮೇಲೆ ಕತ್ತಿಯಿಟ್ಟು, "ಸ್ವಲ್ಪ ಸುಮ್ನಿರಿ ಸಾರ್" ಎನ್ನುತ್ತಾನೆ. ಅವರು ಸುಮ್ಮನಾಗುತ್ತಾರೆ.