ಕೈಗುಣ ಬೇಕು, ಜಯಮ್ಮಣ್ಣಿ ಬೇಡ

ನಮ್ಮೂರಿಗೆ ತಿಳಿವಳಿಕೆ ಕೊಡಲು ಬರುವವರಲ್ಲಿ ನನ್ನದೊಂದು ವಿನಂತಿ. ದಯವಿಟ್ಟು ಅರ್ಧ ಹೇಳಿ ಹೋಗಬೇಡಿ. ಪೂರ್ತಿ ಹೇಳುವಷ್ಟು ಪುರುಸೊತ್ತಿಲ್ಲದಿದ್ದರೆ ಬರಲೇಬೇಡಿ. ಏನೂ ಗೊತ್ತಿಲ್ಲದಾಗ ನಮ್ಮ ಜನ ಹೇಗೋ ಹೊಂದಿಕೊಂಡು ಇರುತ್ತಾರೆ. ಅರ್ಧ ಗೊತ್ತಾಯಿತೋ, ಉಳಿದರ್ಧವನ್ನು ತಾವೇ ಸೇರಿಸಿಕೊಂಡು ಊರಿಗೆಲ್ಲ ಹಂಚಿಬಿಡುತ್ತಾರೆ. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ನನ್ನ ನಾದಿನಿ ಜಯಮ್ಮಣ್ಣಿಗೆ ಆದದ್ದನ್ನು ಕಣ್ಣಾರೆ ಕಂಡ ಮೇಲೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ನಾನು ಸುನಂದಮ್ಮ. ರಾವಂದೂರಿನಿಂದ ಆಟೋ ಹಿಡಿದು ಒಳಗೆ ಬಂದರೆ ಸಿಗುವ ಊರು ನಮ್ಮದು. ಜಯಮ್ಮಣ್ಣಿ ನನ್ನ ಗಂಡ ತಿಮ್ಮಯ್ಯನ ತಂಗಿ. ನಾನು ಮದುವೆಯಾಗಿ ಬಂದಾಗ ಅವಳಿನ್ನೂ ಹುಡುಗಿ. ಉದ್ದ ಜಡೆ, ಶುರುವಾದರೆ ನಿಲ್ಲದ ಮಾತು. ಕನಕಾಂಬರ ಮುಡಿಯದೆ ಹೊಲಕ್ಕೂ ಹೊರಡುತ್ತಿರಲಿಲ್ಲ. "ಹೊಲದಲ್ಲಿ ನಿನ್ ಹೂವ ನೋಡೋರ್ಯಾರೇ?" ಎಂದರೆ, "ಮುಡ್ಕಂಡಿವ್ನಿ ಅಂತ ನಂಗೆ ಗೊತ್ತಾದ್ರೆ ಸಾಲ್ದಾ ಅತ್ತಿಗೆ?" ಎನ್ನುತ್ತಿದ್ದಳು.

ಅವಳ ಓರಗೆಯ ಹುಡುಗಿಯರೆಲ್ಲ ಮೈನೆರೆದರು. ಸೋದರಮಾವ ಹಾಕಿದ ಹಸಿರು ಗುಡಿಸಲಲ್ಲಿ ಕೂತು ಆರತಿ ಮಾಡಿಸಿಕೊಂಡರು. ಇವಳು ಎಲ್ಲರ ಒಸಗೆಗೂ ಹೋಗಿ ಹಾಡು ಹೇಳಿ ಬಂದಳೇ ಹೊರತು ಇವಳ ಸರದಿ ಬರಲಿಲ್ಲ. ನಮ್ಮತ್ತೆ ಬೆಟ್ಟದಪುರದ ದೇವರಿಗೆ ಹರಕೆ ಹೊತ್ತರು, ಎಲ್ಲಿಂದಲೋ ನಾಟಿ ಔಷಧಿ ತಂದು ಕುಡಿಸಿದರು. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದೇ ತಡ, ಹಂಪಾಪುರದ ಕಡೆಯ ಒಂದು ಮನೆಗೆ ಕೊಟ್ಟೂ ಬಿಟ್ಟರು.

ಆ ಮನೆಯವರು ಕೆಲವು ತಿಂಗಳು ಕಾದು ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಪರೀಕ್ಷೆಯೆಲ್ಲ ಆದಮೇಲೆ ಡಾಕ್ಟರು ವಿಷಯ ಹೇಳಿದ್ದು ಯಾರಿಗೆ? ಅವಳ ಗಂಡನಿಗೆ, ಅವಳ ಅಣ್ಣನಿಗೆ. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಹೊರಗೆಲ್ಲ ಹೆಣ್ಣಿನ ಮೈ, ಒಳಗೆ ಗರ್ಭಕೋಶವಿಲ್ಲ, ರಕ್ತದ ಪರೀಕ್ಷೆಯಲ್ಲಿ ಕ್ರೋಮೋಸೋಮು ಮಾತ್ರ ಗಂಡಸರಲ್ಲಿ ಇರುವಂಥದ್ದು, ಹುಟ್ಟಿನಿಂದಲೇ ಹೀಗೆ, ಇದರಿಂದ ಜೀವಕ್ಕೇನೂ ತೊಂದರೆಯಿಲ್ಲ ಎಂದು ಹೇಳಿದರಂತೆ. ಗಂಡ ಅನ್ನಿಸಿಕೊಂಡವನು ಅದೇ ವಾರ ಅವಳನ್ನು ತಂದು ನಮ್ಮ ಜಗಲಿಯಲ್ಲಿ ಬಿಟ್ಟು ಹೋದ. ನೀರು ಕೂಡ ಕುಡಿಯಲಿಲ್ಲ. ನನ್ನ ಯಜಮಾನರು ತಂಗಿಗೆ, "ಗರ್ಭಕೋಶ ಇಲ್ವಂತೆ ಬುಡು" ಎಂದಷ್ಟೇ ಹೇಳಿ, ಉಳಿದದ್ದನ್ನು ನನ್ನೊಬ್ಬಳಿಗೇ ಹೇಳಿ, ಬಾಯಿ ಬಿಡಬೇಡ ಎಂದರು. ಮೈ ಅವಳದು, ಗುಟ್ಟು ನಮ್ಮದಂತೆ! ಮಾರನೆಯ ದಿನವೇ ಎಲ್ಲವನ್ನೂ ಅವಳಿಗೆ ಹೇಳಿದೆ.

ಅವಳು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟು, "ಅಂಗಂದ್ರೆ ನಾನು ಹೆಣ್ಣಲ್ವಾ ಅತ್ತಿಗೆ?" ಎಂದು ಕೇಳಿದಳು.

"ನಿಂಗೇನನ್ಸುತ್ತೆ?" ಎಂದೆ.

"ಹೆಣ್ಣು ಅಂತ್ಲೇ ಅನ್ನಿಸ್ತದೆ. ಇನ್ನೇನೂ ಯಾವತ್ತೂ ಅನ್ಸೇ ಇಲ್ಲ."

"ಮತ್ತೆ ಮುಗೀತಲ್ಲ" ಎಂದೆ. ನಮ್ಮ ಮನೆಯಲ್ಲಿ ಅದು ಅಲ್ಲಿಗೆ ಮುಗಿಯಿತು.

ನಮ್ಮ ಸೀಮೆಯ ಬೆಳೆ ಹೊಗೆಸೊಪ್ಪು. ಮುರಿದು ತಂದ ಎಲೆಯನ್ನು ಹೆಂಗಸರು ಚಪ್ಪರದಡಿ ಸಾಲಾಗಿ ಕೂತು ಕಡ್ಡಿಗಳಿಗೆ ಕಟ್ಟುತ್ತಾರೆ. ಗಂಡಸರು ಆ ಕಡ್ಡಿಗಳನ್ನು ಬ್ಯಾರನ್ ಒಳಗೆ ಏರಿಸುತ್ತಾರೆ. ಬ್ಯಾರನ್ ಎಂದರೆ ಎಲೆ ಬೇಯಿಸುವ ಎತ್ತರದ ಕೋಣೆ. ಅದು ತುಂಬಿದ ಮೇಲೆ ಕೆಳಗೆ ಬೆಂಕಿ ಹಾಕಿ ದಿನಗಟ್ಟಲೆ ಕಾಯಬೇಕು. ಮುಟ್ಟಾದ ಹೆಂಗಸರು ಚಪ್ಪರದ ಹತ್ತಿರ ಸುಳಿದರೆ ಎಲೆ ಕಪ್ಪಾಗುತ್ತದೆ ಎಂದು ನಮ್ಮೂರಲ್ಲಿ ಒಂದು ನಂಬಿಕೆ. ಹಾಗಂತ ಅವರಿಗೆ ರಜೆ ಕೊಡುತ್ತಾರೆ ಎಂದುಕೊಳ್ಳಬೇಡಿ. ಆಚೆ ಹೊಂಗೆ ಮರದ ಕೆಳಗೆ ಕೂತು ಬೇರೆ ಕೆಲಸ ಮಾಡಬೇಕು.

ಜಯಮ್ಮಣ್ಣಿ ಊರಿಗೆ ಮರಳಿದ ವರ್ಷ ಊರ ಯಜಮಾನ ಮುದ್ದಯ್ಯನಿಗೆ ಒಂದು ಯೋಚನೆ ಹೊಳೆಯಿತು. ಎಂದೂ ಮುಟ್ಟೇ ಆಗದ ಹೆಣ್ಣು ಬೆಂಕಿ ಹಾಕಿದರೆ ಹೇಗೆ? ಹಾಕಿಸಿದ. ಆ ಸಲ ಎಲೆ ಒಳ್ಳೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಅಂದಿನಿಂದ ಜಯಮ್ಮಣ್ಣಿಯದು ಕೈಗುಣ! ಊರಿನ ಯಾವ ಬ್ಯಾರನ್‌ಗಾದರೂ ವರ್ಷದ ಮೊದಲ ಬೆಂಕಿ ಅವಳದೇ. ಬೆಂಕಿ ಹಾಕಿ ಬಂದು, ಮುಂದಿನ ಬ್ಯಾರನ್‌ಗೆ ಎಲೆ ಕಟ್ಟುವ ಹೆಂಗಸರ ಸಾಲಿನಲ್ಲಿ ಕೂತಳೆಂದರೆ ಸಂಜೆಯವರೆಗೂ ನಗುವೇ ನಗು. ಗಂಡಂದಿರ ಗೊರಕೆ, ಸೊಸೆಯರ ಸಾರು, ಯಾರನ್ನೂ ಬಿಡುತ್ತಿರಲಿಲ್ಲ. ಬೆಂಕಿ ಹಾಕುವುದು ಅವಳಿಗೆ ಅಂಥ ದೊಡ್ಡದಾಗಿರಲಿಲ್ಲ. ಆ ಸಾಲಿನ ಜಾಗವೇ ಅವಳಿಗೆ ಗಂಡನ ಮನೆ, ತವರು ಮನೆ, ಎಲ್ಲ.

ಹಾಗೇ ಐವತ್ತರ ಹತ್ತಿರ ಬಂದಳು. ಈ ಬೇಸಿಗೆಯಲ್ಲಿ ರಾವಂದೂರಿನ ಸಮುದಾಯ ಭವನದಲ್ಲಿ ಒಂದು ಅರಿವು ಕಾರ್ಯಕ್ರಮ ಇಟ್ಟರು. ಮಾತಾಡಲು ಬಂದವರು ಸೌಂದರ್ಯ. ಕೆ.ಆರ್. ನಗರದ ಕಡೆಯವರು, ಮೈಸೂರಿನಲ್ಲಿ ಓದಿದವರು, ಚಿಕ್ಕ ವಯಸ್ಸು. ಅಂಗಿ, ಪ್ಯಾಂಟು, ಕಿವಿಯಲ್ಲಿ ಜುಮುಕಿ. ನಮ್ಮೂರಿನಿಂದಲೂ ಒಂದು ಟೆಂಪೋ ಜನ ಹೋಗಿದ್ದೆವು. ಊಟವಿತ್ತು, ಅದಕ್ಕೆ.

"ಕೆಲವರ ಮೈ ಹುಟ್ಟಿನಿಂದಲೇ ಬೇರೆ ಥರ ಇರುತ್ತೆ. ಹೆಣ್ಣಿನ ಮೈ ಹೀಗೆ, ಗಂಡಿನ ಮೈ ಹೀಗೆ ಅಂತ ನಾವು ಅಂದುಕೊಂಡಿದ್ದಕ್ಕೆ ಪೂರ್ತಿ ಹೊಂದಲ್ಲ. ಅದು ರೋಗ ಅಲ್ಲ, ಶಾಪಾನೂ ಅಲ್ಲ. ಇಂಥವರನ್ನ ಇಂಟರ್‌ಸೆಕ್ಸ್ ಅಂತಾರೆ" ಎಂದು ಸೌಂದರ್ಯ ಹೇಳುತ್ತಿದ್ದಂತೆ ನನ್ನ ಪಕ್ಕ ಕೂತಿದ್ದ ಜಯಮ್ಮಣ್ಣಿ ಎದ್ದೇ ನಿಂತಳು.

"ನಂದೂ ಅಂಗೇ ಕಣವ್ವ! ನಾನೊಬ್ಳೇ ಅಂದ್ಕಂಡಿದ್ದೆ" ಎಂದು ಅಷ್ಟು ಜನರ ಎದುರಿಗೆ ಹೇಳಿದಳು. ಅವಳ ಮುಖ ಅರಳಿತ್ತು. ನನಗೆ ಕಣ್ಣಲ್ಲಿ ನೀರು ಬಂತು.

ಸೌಂದರ್ಯ ಚಪ್ಪಾಳೆ ಹೊಡೆಸಿದರು. ಆಮೇಲೆ ತಮ್ಮ ವಿಷಯ ಎತ್ತಿಕೊಂಡರು. "ಈಗ ನನ್ನ ಬಗ್ಗೆ ಹೇಳ್ತೀನಿ. ನಾನು ನಾನ್‌ಬೈನರಿ. ಅಂದ್ರೆ ನಾನು ಹೆಣ್ಣೂ ಅಲ್ಲ, ಗಂಡೂ ಅಲ್ಲ. ಆದ್ರೆ ಇದಕ್ಕೂ ಆ ಇಂಟರ್‌ಸೆಕ್ಸ್‌ಗೂ..." ಎನ್ನುವಷ್ಟರಲ್ಲಿ ಯಾರೋ ಮಹಾನುಭಾವರು ಇನ್ನೊಂದು ಮೈಕಿನಲ್ಲಿ, "ಊಟ ರೆಡಿ ಇದೆ, ಮೊದಲ ಪಂಕ್ತಿಯವರು ಬರಬೇಕು" ಎಂದರು. ಅಲ್ಲಿಗೆ ಮುಗಿಯಿತು. ಭವನ ಖಾಲಿ. ಊಟವಾದ ಮೇಲೆ ಟೆಂಪೋದವನು ಹಾರ್ನ್ ಹೊಡೆದ, ನಮ್ಮವರು ಹತ್ತಿಕೊಂಡರು.

ಟೆಂಪೋ ಊರು ಮುಟ್ಟುವ ಹೊತ್ತಿಗೆ ಎರಡೂ ಮಾತನ್ನು ಕಲಸಿ ಒಂದೇ ಮುದ್ದೆ ಮಾಡಿದ್ದರು. ಜಯಮ್ಮಣ್ಣಿ ಹೆಣ್ಣೂ ಅಲ್ಲವಂತೆ, ಗಂಡೂ ಅಲ್ಲವಂತೆ, ಅವಳೇ ಮೈಕಿನ ಮುಂದೆ ಒಪ್ಪಿಕೊಂಡಳಂತೆ. ಅಯ್ಯೋ, ಮೈಕು ಅವಳ ಹತ್ತಿರ ಇರಲೇ ಇಲ್ಲ!

ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ನಮ್ಮೂರವರು ಮರ್ಯಾದೆ ಕೊಡಲು ಶುರು ಮಾಡಿದರು. ಅರಳಿಕಟ್ಟೆಯ ಮೇಲೆ ಗಂಡಸರು ಸರಿದು ಕೂತು, "ಬಾ, ನಾಚ್ಕಬ್ಯಾಡ, ಇನ್ಮೇಕೆ ನಮ್ಜೊತೆ ಕೂತ್ಕೊ" ಎಂದು ಕರೆದರು. ಒಬ್ಬನಂತೂ ಜಯಣ್ಣ ಎಂದ, ಅದೂ ಗೌರವವಾಗಿ! ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಅವಳು ಬಂದರೆ ಹೆಂಗಸರು ಮಂಡಿಯ ಮೇಲಿದ್ದ ಸೀರೆ ಕೆಳಗೆಳೆದುಕೊಂಡರು. ಹೆರಿಗೆಯಲ್ಲಿ ಅವಳಿಂದ ಬಾಣಂತನ ಮಾಡಿಸಿಕೊಂಡವರು, ಮಗುವಿಗೆ ಅವಳಿಂದಲೇ ಎಣ್ಣೆ ನೀರು ಹಾಕಿಸಿದವರು!

ಎಲೆ ಮುರಿಯುವ ಕಾಲ ಬಂತು. ಮೊದಲ ಸರದಿ ಮುದ್ದಯ್ಯನ ಬ್ಯಾರನ್‌ನದು. ಎಲೆ ಕಟ್ಟಲು ಹೋದರೆ ಸಾಲಿನಲ್ಲಿ ಜಯಮ್ಮಣ್ಣಿಯ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಹೆಂಗಸರಿಗೆಲ್ಲ ಹಿರಿಯಳಾದ ಪುಟ್ಟಮಲ್ಲಮ್ಮ ದೂರದಲ್ಲಿ, ಗಂಡಸರು ಓಡಾಡುವ ಬ್ಯಾರನ್ ಬಾಗಿಲ ಹತ್ತಿರ, ಒಂದು ಗೋಣಿತಾಟು ಹಾಸಿಟ್ಟಿದ್ದಳು. "ಬೇಜಾರ್ ಮಾಡ್ಕಬ್ಯಾಡ ಕಣವ್ವ, ನಾವು ಎಂಗಸ್ರು ಏನೇನೋ ಮಾತಾಡ್ಕತೀವಿ" ಎಂದಳು. ಇಷ್ಟು ವರ್ಷ ಆ ಏನೇನೋ ಮಾತನ್ನೆಲ್ಲ ಆಡಿಸುತ್ತಿದ್ದವಳೇ ಜಯಮ್ಮಣ್ಣಿ. ಅವಳು ಹೋಗಿ ಗೋಣಿತಾಟಿನ ಮೇಲೆ ಕೂತಳು. ಆ ಸಾಲಿನಲ್ಲಿ ಅವತ್ತು ಯಾರೂ ನಗಲಿಲ್ಲ.

ನಾನು ಮನೆಗೆ ಬಂದವಳೇ, ಕಾರ್ಯಕ್ರಮದಲ್ಲಿ ಹಂಚಿದ್ದ ಚೀಟಿಯಲ್ಲಿ ನಂಬರು ಹುಡುಕಿ ಸೌಂದರ್ಯರಿಗೆ ಫೋನು ಮಾಡಿದೆ. "ನೀವು ಅರ್ಧ ಹೇಳಿ ಹೋದ್ರಿ, ಇಲ್ಲಿ ನಮ್ಮ ಹುಡುಗಿ ಬಾಳು ಕೆಡ್ತಾ ಇದೆ. ಬಂದು ಉಳಿದದ್ದು ಹೇಳಿ" ಎಂದೆ. ಪಾಪ, ಆ ಜೀವ ಒಂದು ಮಾತು ಎದುರಾಡದೆ ಮಾರನೆಯ ದಿನವೇ ಬಂತು. ಅವತ್ತೇ ಬೆಂಕಿ ಹಾಕುವ ದಿನ.

ಚಪ್ಪರದಡಿ ನಿಂತು ಸೌಂದರ್ಯ ನಿಧಾನವಾಗಿ ಹೇಳಿದರು. "ನನ್ನ ಮೈ ನಿಮ್ಮೆಲ್ಲರ ಮೈ ಥರಾನೇ. ಯಾವ ಡಾಕ್ಟರ್ ನೋಡಿದ್ರೂ ಹೆಣ್ಣು ಅಂತಾರೆ. ಆದ್ರೆ ನಾನು ಹೆಣ್ಣಲ್ಲ, ಗಂಡೂ ಅಲ್ಲ, ನನಗದು ಗೊತ್ತು. ಜಯಕ್ಕನ ಮೈ ಬೇರೆ ಥರ. ಆದ್ರೆ ಅವರು ಹೆಣ್ಣು, ಅವರಿಗದು ಗೊತ್ತು. ಮೈ ಬೇರೆ, ನಾನು ಯಾರು ಅನ್ನೋದು ಬೇರೆ. ಇಂಟರ್‌ಸೆಕ್ಸ್ ಆಗಿ ಹುಟ್ಟಿದವರಲ್ಲಿ ನನ್ನ ಥರದವರೂ ಇರ್ತಾರೆ, ಜಯಕ್ಕನ ಥರದವರೂ ಇರ್ತಾರೆ. ಯಾರು ಏನು ಅಂತ ಅವರನ್ನೇ ಕೇಳ್ಬೇಕು, ನಾವು ಹೇಳೋದಲ್ಲ."

ಇಷ್ಟು ಸಲೀಸಾಗಿ ಹೇಳಿದರೆ ಕಲ್ಲಿಗೂ ಅರ್ಥವಾಗಬೇಕು. ಪುಟ್ಟಮಲ್ಲಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಇರ್ಲಿ ಬುಡವ್ವ. ನೀನು ಮುಟ್ಟಾಗ್ತೀಯಾ?" ಎಂದಳು.

"ಆಗ್ತೀನಿ."

"ಅಂಗಾರೆ ನೀನು ಎಣ್ಣೇ ಕಣವ್ವ. ಸುಮ್ಕೆ ತಲೆ ಕೆಡಿಸ್ಕಂಡಿದ್ದೀಯ. ಜಯಮ್ಮಣ್ಣಿ ಆಗಕಿಲ್ಲ, ಅವ್ಳು ಎಣ್ಣಲ್ಲ. ಇದ್ರಾಗೆ ತಿಳ್ಕಳಕೆ ಏನೈತೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಿಂಗೆ ನಿಂತು ಎಷ್ಟು ವರ್ಷ ಆಯ್ತು ಪುಟ್ಟಮಲ್ಲಮ್ಮ? ನೀನೂ ಗಂಡಸರ ಕಡೆ ಕೂತ್ಕೊ ಓಗು" ಎಂದೆ.

"ಒಂದಿನಾನಾದ್ರೂ ಆಗಿದ್ನಲ್ಲ ನಾನು!" ಎಂದು ಅವಳೂ ಸೆಟೆದು ನಿಂತಳು. ಆಮೇಲೆ ಏನೋ ಅನುಮಾನ ಬಂದವಳಂತೆ ಸೌಂದರ್ಯರ ಕಡೆ ತಿರುಗಿ, "ಇವತ್ತೇನೂ ಇಲ್ವಲ್ಲ ನಿಂಗೆ?" ಎಂದಳು.

"ಇದೆ. ಏನೀಗ?"

ಸಾಲಿಗೆ ಸಾಲೇ ಎದ್ದು ನಿಂತಿತು. ಬ್ಯಾರನ್ ತುಂಬ ಎಲೆ, ಚಪ್ಪರದಡಿ ಮುಟ್ಟು! ಎಲ್ಲರೂ ಒಟ್ಟಿಗೇ ಕೂಗಿಕೊಂಡರು. ಸೌಂದರ್ಯರಿಗೆ ಸಿಟ್ಟು ನೆತ್ತಿಗೇರಿತ್ತು, ವಾದ ಮಾಡಲು ಬಾಯಿ ತೆರೆದರು. "ಓಗವ್ವ, ಎಲೆ ಕೆಟ್ರೆ ಅದನ್ನೂ ನನ್ ತಲೆಗೇ ಕಟ್ತಾರೆ" ಎಂದು ಜಯಮ್ಮಣ್ಣಿ ಬೇಡಿಕೊಂಡಳು. ಸೌಂದರ್ಯ ಹೋಗಿ ಹೊಂಗೆ ಮರದ ಕೆಳಗೆ ಕೂತರು. ನಮ್ಮೂರವರು ಒಂದೇ ಮೊಳಕೋಲಿನಲ್ಲಿ ಅಳೆದು, ಹೆಣ್ಣಲ್ಲ ಎಂದವರನ್ನು ಹೆಣ್ಣು ಮಾಡಿದರು, ಹೆಣ್ಣು ಎಂದವಳನ್ನು ಅಲ್ಲ ಎಂದರು.

ಇಷ್ಟಾದ ಮೇಲೂ ಮುದ್ದಯ್ಯ ಬ್ಯಾರನ್ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಬೆಂಕಿಪೊಟ್ಟಣ ಹಿಡಿದು ಜಯಮ್ಮಣ್ಣಿಯನ್ನೇ ಕರೆದ. "ಬಾರವ್ವ, ಒತ್ತಾಯ್ತು. ನಿನ್ ಕೈಗುಣ ಇನ್ಯಾರಿಗೈತೆ?"

"ಬೆಂಕಿ ಹಾಕ್ದ ಮೇಲೆ ಅವಳು ಎಲ್ಲಿ ಕೂತ್ಕೋಬೇಕು?" ಎಂದು ನಾನು ಕೇಳಿದೆ.

"ಗಂಡಸ್ರ ಜೊತೆ ಇನ್ನೊಂದು ಬ್ಯಾರನ್‌ಗೆ ಕಡ್ಡಿ ಎತ್ಕೊಡ್ಲಿ ಸುನಂದಮ್ಮ. ಪಾಪ, ಎಂಗಸ್ರಿಗೆ ಮುಜುಗರ ಆಯ್ತದೆ."

ಪಾಪವಂತೆ! ನಾನು ಬೈಯಲು ಬಾಯಿ ತೆರೆಯುವ ಮೊದಲೇ ಜಯಮ್ಮಣ್ಣಿ ಗೋಣಿತಾಟಿನಿಂದ ಎದ್ದಳು. ಸೀರೆ ಕೊಡವಿಕೊಂಡಳು. ಮುದ್ದಯ್ಯ ಚಾಚಿದ ಬೆಂಕಿಪೊಟ್ಟಣವನ್ನು ಮುಟ್ಟಲಿಲ್ಲ.

"ನಾನು ಬೆಂಕಿ ಹಾಕಂಗಿಲ್ಲ ಕಣಣ್ಣ. ಮುಟ್ಟಾಗಿವ್ನಿ" ಎಂದಳು.

ಹೆಂಗಸರು ಕೈಯಲ್ಲಿದ್ದ ಎಲೆ ಹಾಗೇ ಹಿಡಿದು ಕೂತುಬಿಟ್ಟರು. ಅದು ಸುಳ್ಳೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಅವಳು ಚಪ್ಪರ ದಾಟಿ ನೆಟ್ಟಗೆ ಹೊಂಗೆ ಮರದ ಕಡೆ ನಡೆದಳು. ಸೌಂದರ್ಯ ಸರಿದು ಜಾಗ ಕೊಟ್ಟರು. ಮುದ್ದಯ್ಯ ಹಿಂದೆಯೇ ನಾಲ್ಕು ಹೆಜ್ಜೆ ಓಡಿದ.

"ಯಾಕವ್ವ ಇಂಥ ಸುಳ್ಳು ಯೇಳ್ತೀಯ?"

"ನಿಜ ಯೇಳಿದ್ನಲ್ಲಣ್ಣ, ರಾವಂದೂರಲ್ಲಿ" ಎಂದಳು ಜಯಮ್ಮಣ್ಣಿ. "ಅದ್ನ ಏನ್ ಮಾಡಿದ್ರಿ?"

ಮುದ್ದಯ್ಯ ಪಂಚೆ ಎತ್ತಿ ಕಟ್ಟಿಕೊಂಡು ವಾಪಸು ಬಂದ. ಯಾರ ಮುಖವನ್ನೂ ನೋಡದೆ ಬಗ್ಗಿ, ತಾನೇ ಕಡ್ಡಿ ಗೀರಿದ.